ಯಾರದೂ ಅಲ್ಲದ ಇನ್ನೂರು ಕಿಲೋ

ಈ ಕಥೆ ನನಗೆ ಮೂರು ಬಾಯಿಗಳಿಂದ ದೊರೆತಿದೆ. ಕಾಂಕ್ರೀಟು ಪಂಪಿನ ಚಾಲಕ ಹೇಳಿದ ಪಾಠದಲ್ಲಿ ಸೇತುವೆಯ ಮೇಲೆ ನಲವತ್ತು ಜನರಿದ್ದಾರೆ. ಗುಮಾಸ್ತನ ಹೆಂಡತಿ ಹೇಳಿದ ಪಾಠದಲ್ಲಿ ಇರುವವರು ಹತ್ತೇ ಜನ, ಅವರಲ್ಲೂ ಇಬ್ಬರು ತೀರಾ ಸಣಕಲು. ಡ್ರಿಲ್ ಮೇಷ್ಟ್ರ ಪಾಠದಲ್ಲಿ ತಲೆಗಳ ಲೆಕ್ಕವಿಲ್ಲ, ಸಾಲುಗಳ ಲೆಕ್ಕ ಮಾತ್ರ ಇದೆ. ಕಚೇರಿಯ ಕಡತವನ್ನು ಕಣ್ಣಾರೆ ನೋಡಿದ ಮೇಲೆ ಇಪ್ಪತ್ತಮೂರು ಎಂಬ ಸಂಖ್ಯೆಯನ್ನು ನಾನು ಖಚಿತಪಡಿಸಿಕೊಂಡಿದ್ದೇನೆ. ಮೂವರೂ ಒಪ್ಪುವ ಸಂಗತಿ ಒಂದೇ: ಆ ದಿನ ಸೇತುವೆ ಬಾಗಿತು.

ಕಥೆಯ ಗುಮಾಸ್ತ ಸೇತುವೆ ಕಚೇರಿಯವನು. ಬೀದಿಯಲ್ಲಿ ಅವನಿಗೆ 'ಹಾಗೇನಿಲ್ಲ' ಎಂಬ ಹೆಸರು ಬಿದ್ದಿತ್ತು. ಯಾರು ಏನು ಕೇಳಿದರೂ ಅವನ ಬಾಯಿಂದ ಮೊದಲು ಹೊರಡುತ್ತಿದ್ದ ಮಾತು ಅದು. ಅಂಗಿಯ ಗುಂಡಿ ಮೇಲೆಕೆಳಗಾಗಿದೆಯಲ್ಲ ಎಂದರೆ ಹಾಗೇನಿಲ್ಲ. ಬಸ್ಸು ತಪ್ಪಿತೇ ಎಂದರೆ ಹಾಗೇನಿಲ್ಲ. ಹಿಂದಿನ ವರ್ಷ ಏಣಿಯಿಂದ ಬಿದ್ದು ಮುಂಗೈ ಮುರಿದುಕೊಂಡಾಗ, ಜೋತಾಡುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತವನು ಅದನ್ನೇ ಹೇಳಿದ್ದ. ಅಂದಿನಿಂದ ಮನೆಯವರು ಆ ಮಾತನ್ನು ತಲೆಕೆಳಗು ಮಾಡಿ ಅರ್ಥ ಮಾಡಿಕೊಳ್ಳುವುದನ್ನು ರೂಢಿಸಿಕೊಂಡರು.

ಸೇತುವೆ ಹಳೆಯದು, ಕಬ್ಬಿಣದ್ದು, ದಡದಿಂದ ದಡಕ್ಕೆ, ನಡುವೆ ಕಂಬವಿಲ್ಲದೆ, ನಲವತ್ತು ಮೀಟರಿನ ಒಂದೇ ಹಾರು. ಬಹಳ ಕಾಲದಿಂದ ಅದರ ಮೇಲೆ ಕಾಲ್ನಡಿಗೆಯವರು, ಸೈಕಲ್ಲಿನವರು ಮಾತ್ರ ಓಡಾಡುತ್ತಿದ್ದರು. ಆಚೆ ದಡದಲ್ಲಿ ನೀರಿನ ಟ್ಯಾಂಕಿಗೆ ಅಡಿಪಾಯ ಹಾಕುವ ಕೆಲಸ ಬಂತು. ಕಾಂಕ್ರೀಟು ತುಂಬಿದ ಲಾರಿ ಸೇತುವೆ ಹತ್ತುವಂತಿಲ್ಲ. ಸುತ್ತು ದಾರಿ ಹಿಡಿದರೆ ಕಾಂಕ್ರೀಟು ಲಾರಿಯಲ್ಲೇ ಗಟ್ಟಿಯಾಗುತ್ತದೆ. ಆದ್ದರಿಂದ ಈಚೆ ದಡದಲ್ಲಿ ಪಂಪು ನಿಲ್ಲಿಸಿ, ಸೇತುವೆಯ ಉದ್ದಕ್ಕೂ ಮರದ ದಿಮ್ಮಿಗಳ ಮೇಲೆ ಪೈಪು ಮಲಗಿಸಿ, ಕಾಂಕ್ರೀಟನ್ನು ಆಚೆಗೆ ತಳ್ಳುವುದೆಂದು ತೀರ್ಮಾನವಾಯಿತು.

ಇಂಜಿನಿಯರಮ್ಮ ಲೆಕ್ಕ ಹಾಕಿದಳು. ತುಂಬಿದ ಪೈಪಿನ ತೂಕ ಎರಡು ಟನ್ನಿಗೆ ಹತ್ತಿರ. ಪಂಪು ಪ್ರತಿ ಸಲ ಒತ್ತಿದಾಗ ಪೈಪು ಒಮ್ಮೆ ಮುಂದಕ್ಕೆ ಜಗ್ಗುತ್ತದೆ, ಅದರ ಅದುರು ಬೇರೆ. ಇವೆಲ್ಲ ಕಳೆದು, ಪೈಪು ತುಂಬಿರುವಾಗ ಸೇತುವೆಯ ಮೇಲೆ ಮನುಷ್ಯರ ಭಾರ ಒಟ್ಟು ಸಾವಿರದ ನಾನೂರು ಕಿಲೋ ಮೀರಬಾರದೆಂದು ಬರೆದಳು. ಸೇತುವೆ ಎಷ್ಟು ಬಾಗುತ್ತದೆಂದು ತಿಳಿಯಲು ಅದರ ನಟ್ಟನಡುವಿನಿಂದ ಒಂದು ತಂತಿಯನ್ನು ಇಳಿಬಿಟ್ಟು, ತಂತಿಯ ತುದಿಗೆ ಪೆನ್ಸಿಲ್ಲು ಕಟ್ಟಿ, ಅದು ಗೆರೆ ಎಳೆಯುವಂತೆ ನೀರಿನಲ್ಲಿ ನೆಟ್ಟ ಕಂಬಕ್ಕೆ ಹಲಗೆಯೊಂದನ್ನು ಹೊಡೆಸಿದಳು. ಸೇತುವೆ ತಗ್ಗಿದಷ್ಟೂ ಗೆರೆ ಕೆಳಗಿಳಿಯುತ್ತದೆ. ಕೊನೆಗೆ, ಈಚೆ ದಡದಲ್ಲಿ ಹಗ್ಗ ಕಟ್ಟಿ ಜನರನ್ನು ತಡೆಯಲು ಒಬ್ಬ ಮನುಷ್ಯ ಬೇಕೆಂದಳು. ಕಚೇರಿಯಲ್ಲಿ ಆ ಹೊತ್ತಿಗೆ ಕೈ ಖಾಲಿಯಿದ್ದವನು ನಮ್ಮ ಗುಮಾಸ್ತ. ಆದೇಶದಲ್ಲಿ ಹುದ್ದೆಗೊಂದು ಹೆಸರು ಬೇಕಲ್ಲ, 'ಭಾರ ಉಸ್ತುವಾರಿ' ಎಂದು ಬರೆದರು.

ಅನರ್ಥದ ಮೂಲ ಈ ಎರಡು ಪದಗಳಲ್ಲಿದೆ. ಗುಮಾಸ್ತ ಸಂಜೆ ಮನೆಗೆ ಬಂದು ಆದೇಶವನ್ನು ಊಟದ ಮೇಜಿನ ಮೇಲೆ ಬಿಡಿಸಿಟ್ಟ.

"ನಾಳೆಯಿಂದ ಸೇತುವೆ ಭಾರವೆಲ್ಲ ನನ್ ಮೇಲೆ."

"ನಿಮ್ ಮೇಲಾ?" ಎಂದಳು ಹೆಂಡತಿ. "ಮೊನ್ನೆ ಸಿಲಿಂಡರ್ ಎತ್ತೋಕೆ ಹೋಗಿ ಮೂರು ದಿನ ಸೊಂಟ ಹಿಡ್ಕೊಂಡು ಓಡಾಡಿದ್ರಿ."

"ಇದು ಆ ಭಾರ ಅಲ್ಲ ಕಣೇ. ಜವಾಬ್ದಾರಿ."

"ಇದೇ ವಯಸ್ಸಲ್ಲಿ ಜವಾಬ್ದಾರಿ ತಗೊಂಡೇ ನಿಮ್ ಮಾವ ಹಾಸಿಗೆ ಹಿಡಿದದ್ದು," ಎಂದರು ಅತ್ತೆ, ಸೋರೆಕಾಯಿ ಹೆಚ್ಚುವುದನ್ನು ನಿಲ್ಲಿಸದೆ. "ಅಳಿಯಂದ್ರೇ, ಈಗ್ಲೇ ನಿಮಗೆ ಆಯಾಸ ಆದ ಹಾಗೆ ಕಾಣುತ್ತೆ."

"ಹಾಗೇನಿಲ್ಲ," ಎಂದ ಗುಮಾಸ್ತ.

ಅತ್ತೆ ಮಗಳ ಮುಖ ನೋಡಿದರು. ಮಗಳು ತಾಯಿಯ ಮುಖ ನೋಡಿದಳು.

ಮರುದಿನ ಬೆಳಿಗ್ಗೆ ಅವನು ಕೊರಳಿಗೆ ಸೀಟಿ ನೇತುಹಾಕಿಕೊಂಡು ಹಗ್ಗದ ಬಳಿ ನಿಂತ. ಪಂಪಿನ ಚಾಲಕನಿಗೂ ಅವನಿಗೂ ಒಪ್ಪಂದವಾಗಿತ್ತು: ಒಂದು ಉದ್ದ ಸೀಟಿ ಎಂದರೆ ಪಂಪು ನಿಲ್ಲಿಸು, ಎರಡು ಗಿಡ್ಡ ಸೀಟಿ ಎಂದರೆ ಓಡಿಸು. ಪಂಪು ನಿಮಿಷಕ್ಕೆ ಹದಿನೆಂಟು ಸಲ ಒತ್ತುತ್ತಿತ್ತು. ಆ ಒತ್ತಿಗೆ ಕೆಲಸದವರೆಲ್ಲ ಸ್ಟ್ರೋಕ್ ಎನ್ನುತ್ತಿದ್ದರು. ಪ್ರತಿ ಸ್ಟ್ರೋಕಿಗೂ ಪೈಪು ದಿಮ್ಮಿಗಳ ಮೇಲೆ ಬೆರಳಿನಷ್ಟು ಮುಂದೆ ಸರಿದು ಹಿಂದೆ ಬರುತ್ತಿತ್ತು, ಸೇತುವೆಯ ಕಬ್ಬಿಣ ಸಣ್ಣಗೆ ನರಳುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಗುಮಾಸ್ತನ ಉಸಿರಾಟವೂ ನಿಮಿಷಕ್ಕೆ ಹದಿನೆಂಟಕ್ಕೆ ಬಂದು ನಿಂತಿತ್ತು. ಹಗ್ಗ ದಾಟಲು ಬಂದ ಒಬ್ಬ ಸೈಕಲ್ಲಿನವನನ್ನು ತಡೆದು, ನಿನ್ನ ತೂಕವೆಷ್ಟು, ಸೈಕಲ್ಲಿನದೆಷ್ಟು, ಕ್ಯಾರಿಯರಿನ ಮೂಟೆಯಲ್ಲೇನಿದೆ ಎಂದು ವಿಚಾರಿಸಿದ. ಅವನು ಉತ್ತರ ಹೇಳುವ ಬದಲು ದೋಣಿ ಹುಡುಕಿಕೊಂಡು ಹೋದ.

ಹನ್ನೊಂದು ಗಂಟೆಗೆ ಪಂಪು ಒಮ್ಮೆ ಗುಟುರು ಹಾಕಿ ನಿಂತಿತು. ಚಾಲಕ ಮುಳ್ಳು ನೋಡಿ ತಲೆ ಕೊಡವಿದ. "ಬ್ಲಾಕ್ ಆಯ್ತು ಸಾರ್. ಪ್ರೆಶರ್ ಇನ್ನೂರು ದಾಟಿದೆ. ಯಾರಾದ್ರೂ ಪೈಪ್ ಉದ್ದಕ್ಕೂ ಬಡಿದು ನೋಡ್ಬೇಕು. ಖಾಲಿ ಕಡೆ ಗಂಟೆ ಥರ ಕೇಳುತ್ತೆ, ಕಟ್ಕೊಂಡಿರೋ ಕಡೆ ಮಂಕಾಗಿ ಕೇಳುತ್ತೆ."

ಪೈಪು ಜೋಡಿಸುವ ಇಬ್ಬರು ಆಚೆ ತುದಿಯಲ್ಲಿದ್ದರು. ಇಂಜಿನಿಯರಮ್ಮ ಟ್ಯಾಂಕಿನ ಗುಂಡಿಯೊಳಗಿದ್ದಳು. ಭಾರ ಉಸ್ತುವಾರಿ ಸುತ್ತಿಗೆಗೆ ತಾನೇ ಕೈಚಾಚಿದ. ಹಗ್ಗ ಬಿಟ್ಟು ಕದಲಬಾರದೆಂದು ಆದೇಶದ ಮೂರನೆಯ ಸಾಲಿನಲ್ಲಿತ್ತು. ಅವನು ಓದಿದ್ದು ಮೊದಲ ಸಾಲನ್ನು ಮಾತ್ರ. ಹೊರಡುವ ಮುನ್ನ, ಊಟಕ್ಕೆ ಕಾಯದಿರಲಿ ಎಂದು ಮನೆಗೆ ಫೋನ್ ಮಾಡಿದ. ಫೋನ್ ಎತ್ತಿದವರು ಅತ್ತೆ.

ಈ ಸಂಭಾಷಣೆಯನ್ನು ಮಾತ್ರ ನಾನು ಎರಡೂ ಕಡೆಯವರಿಂದ ಬೇರೆಬೇರೆಯಾಗಿ ಬರೆದುಕೊಂಡು ತಾಳೆ ನೋಡಿದ್ದೇನೆ. ಒಂದು ಅಕ್ಷರದ ವ್ಯತ್ಯಾಸವೂ ಇಲ್ಲ.

"ಅತ್ತೆ, ಊಟಕ್ಕೆ ಬರೋದು ಕಷ್ಟ. ಪಂಪಿಂಗ್ ನಿಂತ್ಹೋಗಿದೆ."

"ಏನು ನಿಂತಿದೆ?"

"ಪಂಪಿಂಗ್. ಬೆಳಿಗ್ಗೆಯಿಂದ ಸ್ಟ್ರೋಕ್ ಮೇಲೆ ಸ್ಟ್ರೋಕ್ ಬರ್ತಾನೇ ಇತ್ತು. ಈಗ ಎಲ್ಲೋ ಬ್ಲಾಕ್ ಆಗಿದೆ. ಪ್ರೆಶರ್ ಇನ್ನೂರು ದಾಟಿದೆ."

"ಡಾಕ್ಟರು ಏನಂದ್ರು?"

"ಇಲ್ಲಿ ಯಾವ ಡಾಕ್ಟರು? ನಾನೇ ಸುತ್ತಿಗೆಲಿ ಬಡಿದು ನೋಡ್ಕೋಬೇಕು."

"ಅಳಿಯಂದ್ರೇ, ತುಂಬಾ ನೋವಿದೆಯಾ?"

"ಹಾಗೇನಿಲ್ಲ."

ಅತ್ತೆ ಫೋನನ್ನು ಮೇಜಿನ ಮೇಲಿಟ್ಟು, ಸ್ವರ ಏರಿಸದೆ ಮಗಳನ್ನು ಕರೆದರು. "ಹಾಗೇನಿಲ್ಲ ಅಂದ್ರು," ಎಂದರು. ಅಷ್ಟೇ ಸಾಕಾಯಿತು.

ಮಹಡಿಯ ಮೇಲೆ ನಿವೃತ್ತ ಡ್ರಿಲ್ ಮೇಷ್ಟ್ರ ಮನೆ. ಅಲ್ಲಿ ಅವರ ವ್ಯಾಯಾಮದ ಬಳಗದ ಹನ್ನೆರಡು ಜನ ಕಸರತ್ತು ಮುಗಿಸಿ ಕಾಫಿ ಕುಡಿಯುತ್ತಿದ್ದರು. ಕೆಳಗೆ ಅಳು ಕೇಳಿ ಮೇಷ್ಟ್ರು ಲೋಟ ಕೆಳಗಿಟ್ಟರು.

"ಆಂಬುಲೆನ್ಸು ಆ ಸೇತುವೆ ಹತ್ತಲ್ಲ. ಮಂಚ ಎತ್ತಿ," ಎಂದು ಅವರು ಅಪ್ಪಣೆ ಮಾಡಿದರು. ಬಳಗದ ಹೆಗಲ ಮೇಲೆ ಕಬ್ಬಿಣದ ಮಡಿಚುವ ಮಂಚ ಹೊರಟಿತು. ಅದರ ಹಿಂದೆ ಹೆಂಡತಿ, ಅತ್ತೆ, ನಾದಿನಿ, ಷಡ್ಡಕ. ಷಡ್ಡಕನ ಹಿಂದೆ ಎದುರಂಗಡಿಯ ಟೈಲರು, ಕೊರಳಲ್ಲಿ ಅಳತೆಯ ಟೇಪು ಹಾಗೆಯೇ. ಟೈಲರಿನ ಹಿಂದೆ, ಅವನು ಓಡುತ್ತಿರುವುದೇಕೆಂದು ತಿಳಿಯಬಯಸಿದ ಇಸ್ತ್ರಿಯವನು ಮತ್ತು ಅವನ ಗಿರಾಕಿ.

ಸೇತುವೆಯ ಬಾಯಿಯಲ್ಲಿ ಹಗ್ಗ ಇತ್ತು, ಹಗ್ಗದ ಬಳಿ ಯಾರೂ ಇರಲಿಲ್ಲ. ಹೆಂಡತಿ ಪಂಪಿನ ಚಾಲಕನ ಬಳಿಗೆ ಓಡಿದಳು. ಇಂಜಿನ್ನಿನ ಸದ್ದಿನಲ್ಲಿ ಅವನಿಗೆ ಅರ್ಧ ಕೇಳಿಸಿತು. ಟ್ಯಾಂಕಿನ ನೀರಿಗಾಗಿ ಕಾದಿರುವ ಬಡಾವಣೆಯವರು ವಿಚಾರಿಸಲು ಬಂದಿದ್ದಾರೆಂದು ಅವನು ಭಾವಿಸಿದ.

"ಅಣ್ಣಾ, ಬ್ಲಾಕ್ ಆಗಿರೋದು ನಿಜಾನಾ?"

"ನಿಜ ಅಮ್ಮ. ಸೇತುವೆ ಮಧ್ಯದಲ್ಲೇ ಆಗಿರೋ ಹಾಗಿದೆ."

"ಉಳಿಸ್ಕೋಬಹುದಾ?"

"ಉಳಿಸ್ಕೋಬಹುದು, ಒಂದು ಗಂಟೆ ಒಳಗೆ ಬಿಡಿಸಿದ್ರೆ. ತಡ ಆದ್ರೆ ಒಳಗೇ ಗಟ್ಟಿ ಆಗ್ಬಿಡುತ್ತೆ."

"ಆಮೇಲೆ?" ಎಂದರು ಅತ್ತೆ.

"ಆಮೇಲೇನಮ್ಮ, ತುಂಡು ತುಂಡು ಮಾಡಿ ಗುಜರಿಗೆ ಹಾಕೋದೇ. ಹೋದ ವಾರ ಇನ್ನೊಂದು ಕಡೆ ಎರಡು ಹಾಗೇ ಹೋದ್ವು."

ಷಡ್ಡಕ ಅತ್ತೆಯನ್ನು ಹಿಡಿದುಕೊಂಡ, ನಾದಿನಿ ಷಡ್ಡಕನನ್ನು ಹಿಡಿದುಕೊಂಡಳು. ಡ್ರಿಲ್ ಮೇಷ್ಟ್ರು ಹಗ್ಗ ಎತ್ತಿ ಹಿಡಿದರು, ಎಲ್ಲರೂ ಅದರ ಕೆಳಗೆ ನುಸುಳಿದರು.

ಆ ಹೊತ್ತಿಗೆ ಗುಮಾಸ್ತ ಸೇತುವೆಯ ನಟ್ಟನಡುವೆ ಬೋರಲಾಗಿ ಮಲಗಿದ್ದ. ಮಂಕಾದ ಸದ್ದು ಸಿಕ್ಕಿದೆ ಎನ್ನಿಸಿ, ಖಚಿತಪಡಿಸಿಕೊಳ್ಳಲು ಪೈಪಿಗೆ ಕಿವಿಯಿಟ್ಟು, ಸುತ್ತಿಗೆಯ ಕೈಯನ್ನು ಪಕ್ಕಕ್ಕೆ ಚಾಚಿ, ಕಣ್ಣು ಮುಚ್ಚಿದ್ದ. ದೂರದಿಂದ ನೋಡಿದವರಿಗೆ ಅದು ಹೇಗೆ ಕಂಡಿತೆಂದು ವರ್ಣಿಸುವ ಅಗತ್ಯವಿಲ್ಲ. ಅದನ್ನು ಕಂಡು ಆಚೆ ತುದಿಯ ಪೈಪಿನವರಿಬ್ಬರೂ ಗಾಬರಿಯಿಂದ ಓಡಿಬಂದರು.

ಪೈಪಿನೊಳಗಿಂದ ಅವನಿಗೆ ವಿಚಿತ್ರವಾದ ಸದ್ದೊಂದು ಕೇಳಿಸಿತು. ಲೆಫ್ಟ್, ರೈಟ್, ಲೆಫ್ಟ್, ರೈಟ್. ಕಾಂಕ್ರೀಟು ಇಂಗ್ಲಿಷಿನಲ್ಲಿ ಮಾತಾಡುವುದು ಸಾಧ್ಯವೇ ಎಂದು ಯೋಚಿಸುತ್ತ ಅವನು ಕಣ್ಣು ತೆರೆದ. ಮೊದಲು ಕಂಡದ್ದು ಕಾಲುಗಳು. ಉಸ್ತುವಾರಿಯಾದವನು ಮುಖ ನೋಡುವ ಮೊದಲು ಕಾಲು ಎಣಿಸಬೇಕು, ಅವನು ಎಣಿಸಿದ. ನಲವತ್ತನಾಲ್ಕು ಕಾಲುಗಳು ಸಿಕ್ಕವು. ತನ್ನವೆರಡನ್ನು ಸೇರಿಸಿ ಎರಡರಿಂದ ಭಾಗಿಸಿ ಎಪ್ಪತ್ತರಿಂದ ಗುಣಿಸಿದ. ಮಿತಿ ಮೀರಿತ್ತು.

"ಇಳೀರಿ," ಎಂದ. "ಭಾರ ಜಾಸ್ತಿ ಆಗಿದೆ."

"ಎದೆ ಮೇಲಾ?" ಎಂದು ಹೆಂಡತಿ ಅವನ ಪಕ್ಕದಲ್ಲಿ ಕುಸಿದಳು.

"ಅಲ್ವೇ, ಕೆಳಗೆ."

"ಹೊಟ್ಟೆಲಾ?"

"ಸೇತುವೇಲಿ. ಸೇತುವೆ ತಡ್ಕೊಳಲ್ಲ."

"ಮಾತು ತಪ್ತಿದೆ," ಎಂದರು ಅತ್ತೆ, ಸೆರಗಿನಿಂದ ಅವನ ಹಣೆ ಒರೆಸುತ್ತ. "ಅಳಿಯಂದ್ರೇ, ನಾನ್ಯಾರು ಹೇಳಿ ನೋಡೋಣ."

"ಅತ್ತೆ. ನನಗೇನೂ ಆಗಿಲ್ಲ. ನಾನು ಚೆನ್ನಾಗಿದೀನಿ."

"ನೋಡಿ, ಚೆನ್ನಾಗಿದೀನಿ ಅಂತಿದಾರೆ," ಎಂದು ನಾದಿನಿ ಗೋಳಿಟ್ಟಳು.

ಇಳಿಯದಿದ್ದರೆ ಸೇತುವೆ ಮುರಿಯುತ್ತದೆಂದು ಕೂಗಿ ಹೇಳಬಹುದಿತ್ತು. ಆದರೆ ಕೂಗಿದರೆ ಇವರೆಲ್ಲ ಒಟ್ಟಿಗೆ ಓಡುತ್ತಾರೆ, ಓಡಿದರೆ ಹೆಜ್ಜೆಯ ಹೊಡೆತ ನಿಂತ ಭಾರಕ್ಕಿಂತ ಕೆಟ್ಟದ್ದು, ಹೆಜ್ಜೆಗಳು ಒಂದೇ ತಾಳಕ್ಕೆ ಬಿದ್ದರೆ ಇನ್ನೂ ಕೆಟ್ಟದ್ದು. ಅಷ್ಟನ್ನು ಇಂಜಿನಿಯರಮ್ಮ ಅವನಿಗೆ ಮನದಟ್ಟು ಮಾಡಿದ್ದಳು. ಅವನು ಬಾಯಿಗೆ ಕೈ ಅಡ್ಡ ಹಿಡಿದು ಯೋಚಿಸುತ್ತಿರುವಾಗ, ರೋಗಿಗೆ ಗಾಳಿಯಾಡಲೆಂದು ಡ್ರಿಲ್ ಮೇಷ್ಟ್ರು ಅವನ ಅಂಗಿಯ ಕೊರಳು ಸಡಿಲಿಸಿ, ಅಲ್ಲಿದ್ದ ಸೀಟಿಯನ್ನು ಬಿಚ್ಚಿಕೊಂಡರು. ಸೀಟಿ ಕೈಗೆ ಬಂದ ಮೇಲೆ ಡ್ರಿಲ್ ಮೇಷ್ಟ್ರಾದವರು ಮಾಡಬಹುದಾದದ್ದು ಒಂದೇ. ಬಳಗವನ್ನು ಸಾಲು ನಿಲ್ಲಿಸಲು ಅವರು ಎರಡು ಸಲ ಗಿಡ್ಡನೆ ಊದಿದರು.

ದಡದಲ್ಲಿ ಚಾಲಕ ಅದನ್ನು ಕೇಳಿ, ಬ್ಲಾಕು ಬಿಟ್ಟಿತೆಂದು ಸಂತೋಷಪಟ್ಟು, ಪಂಪು ಓಡಿಸಿದ.

ಮೊದಲ ಸ್ಟ್ರೋಕಿಗೆ ಪೈಪು ದಿಮ್ಮಿಗಳ ಮೇಲೆ ನೆಗೆಯಿತು. ಎರಡನೆಯದಕ್ಕೆ ಇಡೀ ಸೇತುವೆ ಅದುರಿ, ತುಕ್ಕಿನ ಚಕ್ಕೆಗಳು ನೀರಿಗೆ ಉದುರಿದವು.

"ಮೇಷ್ಟ್ರೇ, ಇವರ ಎದೆ ಬಡಿತ ನನ್ ಕಾಲಿಗೆ ತಾಕ್ತಾ ಇದೆ," ಎಂದ ಟೈಲರು ಅಳುಕುತ್ತ.

ಮೂರನೆಯ ಸ್ಟ್ರೋಕು ಬರುವ ಮುನ್ನ ಗುಮಾಸ್ತನಿಗೆ ಅರಿವಾಯಿತು: ಈ ಜನರನ್ನು ಇಲ್ಲಿಂದ ಮೆಲ್ಲಗೆ ಕದಲಿಸಬಲ್ಲದ್ದು ಸತ್ಯವಲ್ಲ. ಅವನು ಎದ್ದು, ಅಂಗಿ ಸರಿಪಡಿಸಿಕೊಂಡು, ಮಂಚದ ಮೇಲೆ ಹೋಗಿ ಅಂಗಾತ ಮಲಗಿದ.

"ನೀವು ಹೇಳಿದ್ದು ಸರಿ. ನನಗೆ ಸ್ಟ್ರೋಕ್ ಆಗಿದೆ," ಎಂದ.

ಎಲ್ಲರ ಮುಖದಲ್ಲೂ ನೆಮ್ಮದಿ ಕಂಡಿತು.

"ಮೇಷ್ಟ್ರೇ, ಸೀಟಿ ಕೊಡಿ. ಉಸಿರಾಟದ ವ್ಯಾಯಾಮ ಮಾಡ್ಬೇಕು ಅನ್ಸುತ್ತೆ."

ಈ ಮಾತನ್ನು ಮೇಷ್ಟ್ರು ಇಪ್ಪತ್ತು ವರ್ಷದಿಂದ ಆ ಮನೆಯವರ ಬಾಯಿಂದ ಕೇಳಲು ಕಾದಿದ್ದರು. ಕಣ್ಣೊರೆಸಿಕೊಂಡು ಕೊಟ್ಟರು. ಗುಮಾಸ್ತ ಮಲಗಿದಲ್ಲಿಂದಲೇ ಒಂದು ಉದ್ದನೆಯ ಸೀಟಿ ಊದಿದ. ಪಂಪು ನಿಂತಿತು.

"ಈಗ ಕೇಳಿ. ನನ್ನನ್ನ ಅಲ್ಲಾಡಿಸ್ಬಾರದು. ನಾಲ್ಕು ಜನ ಮಂಚ ಎತ್ಕೊಂಡು ಇಲ್ಲೇ ನಿಲ್ಲಿ, ಉಳಿದೋರು ಮುಂದೆ ಹೋಗಿ. ಒಟ್ಟಿಗೆ ಬೇಡ. ಅತ್ತೆ, ನೀವು ಮೊದ್ಲು ಹೋಗಿ ಡಾಕ್ಟರಿಗೆ ಹೇಳಿ. ನಾದಿನಿ, ನೀವು ಸ್ವಲ್ಪ ಬಿಟ್ಟು ಹೋಗಿ, ಆ ಡಾಕ್ಟರು ಬೇಡ ಅಂತ ಅತ್ತೆಗೆ ಹೇಳಿ. ಟೈಲರಣ್ಣ, ನೀವು ಹೋಗಿ ಇಬ್ರಿಗೂ ಜಗಳ ಬಿಡಿಸಿ."

ಒಬ್ಬೊಬ್ಬರಾಗಿ ಹೊರಟರು. ಗುಮಾಸ್ತ ಕತ್ತೆತ್ತಿ ಪ್ರತಿಯೊಬ್ಬರ ಬೆನ್ನನ್ನೂ ದಡ ಮುಟ್ಟುವವರೆಗೆ ನೋಡುತ್ತ, ಬೆರಳು ಮಡಿಚುತ್ತಿದ್ದ. ಕೊನೆಗೆ ಮಂಚ ಕದಲಿತು.

"ಮೇಷ್ಟ್ರೇ, ಹೆಜ್ಜೆ ಕೂಡಿಸ್ಬೇಡಿ. ಜೋಲಿಗೆ ತಲೆ ತಿರುಗುತ್ತೆ."

"ಹೆಜ್ಜೆ ತಪ್ಪಿ ನಡೀಬೇಕಾ?"

"ಎಷ್ಟಾಗುತ್ತೋ ಅಷ್ಟು ತಪ್ಪಿ."

ಮೇಷ್ಟ್ರ ಜೀವಮಾನದಲ್ಲಿ ಅಷ್ಟು ಕಷ್ಟದ ನಡಿಗೆ ಇನ್ನೊಂದಿರಲಿಲ್ಲವೆಂದು ಅವರೇ ನನಗೆ ಹೇಳಿದ್ದಾರೆ. ನಾಲ್ವರೂ ನಾಲ್ಕು ತಾಳದಲ್ಲಿ ಕಾಲಿಡುತ್ತ, ಎಡವುತ್ತ, ಮಂಚವನ್ನು ದಡ ಸೇರಿಸಿದರು. ಅತ್ತ ಸ್ಟ್ರೋಕುಗಳ ನೆಗೆತಕ್ಕೆ ಬ್ಲಾಕು ತಾನಾಗಿ ಬಿಟ್ಟಿತ್ತು. ಸಂಜೆಯ ಹೊತ್ತಿಗೆ ಟ್ಯಾಂಕಿನ ಅಡಿಪಾಯ ತುಂಬಿತು, ಪೈಪು ತೊಳೆದು ಬಿಚ್ಚಿದರು. ಡಾಕ್ಟರು ಗುಮಾಸ್ತನನ್ನು ಪರೀಕ್ಷಿಸಿ ಏನೂ ಇಲ್ಲವೆಂದರು. ಮನೆಯವರು ಆ ಡಾಕ್ಟರನ್ನು ಇನ್ನು ಕರೆಯಬಾರದೆಂದು ನಿಶ್ಚಯಿಸಿ, ಅಳಿಯನನ್ನು ಹಾಸಿಗೆಯಲ್ಲಿ ಕೂಡಿಹಾಕಿದರು.

ಮರುದಿನ ಮಧ್ಯಾಹ್ನ ಇಂಜಿನಿಯರಮ್ಮ ಮನೆಗೆ ಬಂದಳು. ಕಂಕುಳಲ್ಲಿ ಆ ಹಲಗೆ ಇತ್ತು. ರೋಗಿಯನ್ನು ನೋಡಲು ಬಂದಿದ್ದವರೆಲ್ಲ ನಡುಮನೆಯಲ್ಲಿದ್ದರು; ಅವಳಿಗೆ ಬೇಕಾಗಿದ್ದವರೂ ಅವರೇ.

"ಮೇಲಿನ ಸಾಹೇಬ್ರು ವರದಿ ಕೇಳಿದಾರೆ," ಎಂದಳು. "ನಿನ್ನೆ ಸೇತುವೆ ಮೇಲಿದ್ದ ಪ್ರತಿಯೊಬ್ಬರ ತೂಕ ಬೇಕು. ಸಾವಿರದ ನಾನೂರು ದಾಟಿದ್ರೆ ಗುಮಾಸ್ತ್ರ ಕೆಲ್ಸಕ್ಕೆ ಕುತ್ತು. ನಾನು ಏನೂ ಮಾಡೋಕಾಗಲ್ಲ."

ಗುಮಾಸ್ತ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ. ನಡುಮನೆಯಲ್ಲಿ ಎಲ್ಲರೂ ಉಸಿರು ಒಳಗೆಳೆದು ಹೊಟ್ಟೆ ಹಿಡಿದುಕೊಂಡರು.

"ಐವತ್ತೆಂಟು," ಎಂದಳು ಹೆಂಡತಿ.

"ನಾನು ಅರವತ್ತು," ಎಂದ ಷಡ್ಡಕ. ಅವನು ಕೂತಿದ್ದ ಬೆತ್ತದ ಕುರ್ಚಿ ಸದ್ದು ಮಾಡಿತು. ಎಲ್ಲರೂ ಕೇಳಿಸದವರಂತೆ ಗೋಡೆ ನೋಡಿದರು.

"ಅರವತ್ತೆರಡು, ಮೂವತ್ತು ವರ್ಷದಿಂದ ಒಂದೇ," ಎಂದರು ಡ್ರಿಲ್ ಮೇಷ್ಟ್ರು. ಬಳಗದ ಹನ್ನೆರಡು ಜನರೂ ಮೇಷ್ಟ್ರಿಗಿಂತ ಹೆಚ್ಚು ತೂಗುವುದು ಅವಿಧೇಯತೆಯೆಂದು ಭಾವಿಸಿ ಅರವತ್ತೆರಡರ ಆಸುಪಾಸಿನಲ್ಲೇ ನಿಂತರು.

ಅತ್ತೆಯ ಸರದಿ ಬಂತು. "ಮದುವೇಲಿ ನಲವತ್ತೊಂಬತ್ತಿದ್ದೆ," ಎಂದರು. "ಆಮೇಲೆ ಒಂದೆರಡು ಹೆಚ್ಚಾಗಿರಬಹುದು. ಐವತ್ತೆರಡು ಅಂತ ಬರ್ಕೊಳಮ್ಮ."

ಹಿಂದಿನ ದಿನ ಆ ಐವತ್ತೆರಡನ್ನು ಹಗ್ಗದ ಕೆಳಗೆ ನುಸುಳಿಸಲು ಇಬ್ಬರು ಬೇಕಾಗಿದ್ದರು. ಇಂಜಿನಿಯರಮ್ಮ ಬರೆದುಕೊಂಡಳು, ಕೂಡಿದಳು. ಸಾವಿರದ ಮುನ್ನೂರ ಎಂಬತ್ತು. ಮಿತಿಗಿಂತ ಇಪ್ಪತ್ತು ಕಡಿಮೆ. ಟೈಲರು ಚಪ್ಪಾಳೆ ತಟ್ಟಿದ. ಹಾಸಿಗೆಯಲ್ಲಿ ಗುಮಾಸ್ತ ಎದ್ದು ಕೂತ.

ಅವಳು ಮಾತ್ರ ಹಲಗೆಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಒಂದು ತೊಂದ್ರೆ ಇದೆ," ಎಂದಳು. "ತುಂಬಿದ ಪೈಪಿಗೆ ಸೇತುವೆ ಹನ್ನೆರಡು ಮಿಲಿಮೀಟರ್ ಬಾಗಬೇಕು. ಮಧ್ಯದಲ್ಲಿ ನಿಂತ ಜನಕ್ಕೆ, ನೂರು ಕಿಲೋಗೆ ಒಂದು. ನೀವು ಹೇಳಿದ ಲೆಕ್ಕಕ್ಕೆ ಇಪ್ಪತ್ತಾರು ಬರಬೇಕು. ಪೆನ್ಸಿಲ್ ಗೆರೆ ಇಪ್ಪತ್ತೆಂಟಕ್ಕೆ ನಿಂತಿದೆ."

"ಎರಡು ಮಿಲಿಮೀಟರ್ ಏನು ಮಹಾ?" ಎಂದ ಟೈಲರು. "ನಾನು ಷರ್ಟಲ್ಲಿ ಒಂದಿಂಚು ಆಚೀಚೆ ಮಾಡ್ತೀನಿ."

"ಎರಡು ಮಿಲಿಮೀಟರ್ ಅಂದ್ರೆ ಇನ್ನೂರು ಕಿಲೋ. ಆ ಇನ್ನೂರು ಕಿಲೋ ಯಾರದ್ದು?"

ಯಾರದೂ ಆಗಿರಲಿಲ್ಲ. ನಾದಿನಿ ಇಸ್ತ್ರಿಯವನನ್ನು ನೋಡಿದಳು, ಇಸ್ತ್ರಿಯವನು ತನ್ನ ಗಿರಾಕಿಯನ್ನು ನೋಡಿದ.

"ಯಾರದ್ದೂ ಅಲ್ಲ ಅಂದ್ರೆ ಒಂದೇ ಅರ್ಥ. ಸೇತುವೆ ನಾನು ಅಂದ್ಕೊಂಡಿದ್ದಕ್ಕಿಂತ ಸೋತಿದೆ," ಎಂದಳು ಇಂಜಿನಿಯರಮ್ಮ. "ಹಾಗಿದ್ರೆ ನಾಳೆ ಬೆಳಿಗ್ಗೆ ಮುಚ್ಚಿಸ್ತೀನಿ. ಕಾಲ್ನಡಿಗೆಯೋರಿಗೂ ಸೇರಿ. ಬಿಚ್ಚಿ ಹಾಕೋಕೂ ಬರೀಬೇಕಾಗುತ್ತೆ. ಗುಮಾಸ್ತ್ರ ಮೇಲೆ ಏನೂ ಬರಲ್ಲ, ಭಾರ ಮಿತಿಯೊಳಗೇ ಇತ್ತಲ್ಲ. ತಪ್ಪು ಸೇತುವೇದೇ."

ಷಡ್ಡಕ ಸಮಾಧಾನದಿಂದ ಒರಗಿದ. "ಸೇತುವೆಗೆ ವಯಸ್ಸಾಗಿತ್ತು ಬಿಡಿ," ಎಂದ. "ಇವ್ರ ಕೆಲ್ಸ ಉಳೀತು."

ಹೆಂಡತಿ ಗಂಡನ ಕಡೆ ನೋಡಿದಳು. ಅವನ ಮುಖದ ಬಣ್ಣ ನಿಜವಾಗಿ ಕೆಟ್ಟಿತ್ತು. ಹೊದಿಕೆ ಸರಿಸಿ, ಬರಿಗಾಲಲ್ಲಿ ನಡುಮನೆಯ ಬಾಗಿಲಿಗೆ ಬಂದು ನಿಂತ.

"ಮೇಡಂ, ನಾನು ಅದರ ಮೇಲೆ ಕಿವಿ ಇಟ್ಕೊಂಡು ಮಲಗಿದ್ದೆ," ಎಂದ. "ಅದು ಹೆದರಿತ್ತು, ಆದ್ರೆ ಸೋತಿರಲಿಲ್ಲ. ಇಷ್ಟು ಜನ ಹೇರಿದ್ರೂ ನಿಂತಿತ್ತು. ತಪ್ಪು ಅದರದ್ದಲ್ಲ. ಇವ್ರು ಹೇಳಿದ ತೂಕ ಒಂದೂ ಸರಿಯಿಲ್ಲ. ನಂದೂ ಆಗ ಬರೆಸಿದ ಅರವತ್ತೈದಲ್ಲ, ಎಪ್ಪತ್ತನಾಲ್ಕು."

"ರೀ, ಕೆಲ್ಸ ಹೋಗುತ್ತೆ," ಎಂದಳು ಹೆಂಡತಿ ಮೆಲ್ಲಗೆ.

"ಹೋಗುತ್ತೆ," ಎಂದ ಗುಮಾಸ್ತ. ಅವನ ಬಾಯಿಂದ ಯಾವ ಪ್ರಶ್ನೆಗೂ ಅಷ್ಟು ನೇರವಾದ ಉತ್ತರ ಬಂದದ್ದನ್ನು ಯಾರೂ ಅದುವರೆಗೆ ಕೇಳಿರಲಿಲ್ಲ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಟ್ಯಾಂಕಿನ ಕೆಲಸದಲ್ಲಿ ಸಿಮೆಂಟು ಮೂಟೆ ತೂಗುವ ತಕ್ಕಡಿಯನ್ನು ಕೈಗಾಡಿಯ ಮೇಲೆ ಹೇರಿಕೊಂಡು ಬಂದು ಬೀದಿಯ ನಡುವೆ ಇಳಿಸಿದ.

ಮನೆಯೊಳಗಿಂದ ಯಾರೂ ಹೊರಗೆ ಬರಲಿಲ್ಲ. ಎದುರುಮನೆಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಹಾಸಿಗೆ ಹಿಡಿದವನು ತಕ್ಕಡಿಯ ಪಕ್ಕ ಬಿಸಿಲಿನಲ್ಲಿ ನಿಂತಿರುವುದನ್ನು ಬೀದಿ ನೋಡಿತು. ಡ್ರಿಲ್ ಮೇಷ್ಟ್ರು ಜಗಲಿಯವರೆಗೆ ಬಂದು ತಕ್ಕಡಿಯನ್ನು ನೋಡಿ, ಮರೆತ ಏನನ್ನೋ ತರಲು ಒಳಗೆ ಹೋದರು.

ಮೊದಲು ಬಂದವರು ಅತ್ತೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಿಟಕಿಗಳ ಕಡೆ ಒಮ್ಮೆಯೂ ನೋಡದೆ, ಮೆಟ್ಟಿಲಿಳಿದು ತಕ್ಕಡಿಯ ಮೇಲೆ ನಿಂತರು. ಮುಳ್ಳು ಓಡಿತು. ಇಂಜಿನಿಯರಮ್ಮ ಬಗ್ಗಿ ನೋಡಿ, ಗಟ್ಟಿಯಾಗಿ ಹೇಳಲೋ ಬೇಡವೋ ಎಂದು ತಡವರಿಸಿದಳು.

"ಗಟ್ಟಿಯಾಗೇ ಹೇಳಮ್ಮ. ನಂದು ಕೇಳಿಸ್ಕೊಳ್ದೆ ಇವ್ರು ಯಾರೂ ಬರಲ್ಲ."

"ಎಂಬತ್ತೊಂದು."

ಅತ್ತೆ ತಕ್ಕಡಿಯ ಮೇಲಿಂದಲೇ ತಿರುಗಿ, ಬಾಗಿಲಲ್ಲಿ ಗುಂಪಾಗಿದ್ದವರನ್ನು ನೋಡಿದರು. "ಬನ್ನಿ," ಎಂದರು. "ನಾನೇ ಬಂದ ಮೇಲೆ ನಿಮ್ದೇನು?"

ಆಮೇಲೆ ಇಳಿಯುತ್ತ ಇಂಜಿನಿಯರಮ್ಮನಿಗೆ ಮಾತ್ರ ಕೇಳುವಂತೆ ಹೇಳಿದರು. "ಅದ್ರಲ್ಲಿ ಒಂದಿಷ್ಟು ಇವ್ರ ಚಿಂತೆ ಕಣಮ್ಮ. ನಿನ್ನೆ ಫೋನ್ ಬಂದಾಗಿಂದ ಎದೆ ಮೇಲೆ ಕೂತಿದೆ, ಇನ್ನೂ ಇಳಿದಿಲ್ಲ."

ಷಡ್ಡಕ ಎಂಬತ್ತೆಂಟು ತೂಗಿದ. ಡ್ರಿಲ್ ಮೇಷ್ಟ್ರು ಬೂಟು, ಬೆಲ್ಟು, ಗಡಿಯಾರ ಬಿಚ್ಚಿಟ್ಟು, ಅಟೆನ್ಷನ್ನಿನಲ್ಲಿ ನಿಂತು, ಎಪ್ಪತ್ತು ತೂಗಿ, ಆ ದಿನ ಯಾರೊಡನೆಯೂ ಮಾತಾಡಲಿಲ್ಲ. ಇಸ್ತ್ರಿಯವನೊಬ್ಬನದು ಮಾತ್ರ ಹೇಳಿದಷ್ಟೇ ಬಂತು. ಅವನಿಗೆ ಅದರಿಂದ ಬೇಸರವಾಯಿತು. ಕೊನೆಯಲ್ಲಿ ಗುಮಾಸ್ತ ಹತ್ತಿದ. ಇಂಜಿನಿಯರಮ್ಮ ಗೋಡೆಗೆ ಕಾಗದ ಒತ್ತಿಹಿಡಿದು ಕೂಡಿದಳು, ಅಳಿಸಿ ಮತ್ತೊಮ್ಮೆ ಕೂಡಿದಳು. ಅವನು ತಕ್ಕಡಿಯಿಂದ ಇಳಿಯುವುದನ್ನೇ ಮರೆತು ಅವಳ ಪೆನ್ನಿನ ತುದಿಯನ್ನು ನೋಡುತ್ತಿದ್ದ.

"ಸಾವಿರದ ಆರುನೂರು," ಎಂದಳು. "ಹದಿನಾರು ಮಿಲಿಮೀಟರ್. ಪೈಪಿನ ಹನ್ನೆರಡು ಸೇರಿದ್ರೆ ಇಪ್ಪತ್ತೆಂಟು." ಹಲಗೆಯನ್ನು ಬಿಸಿಲಿಗೆ ಹಿಡಿದು ಗೆರೆಯ ಮೇಲೆ ಉಗುರು ಓಡಿಸಿದಳು. "ನಿನ್ನೆ ಸಂಜೆ ಪೈಪ್ ಬಿಚ್ಚಿದ ಮೇಲೆ ಗೆರೆ ಮೊದಲಿದ್ದ ಜಾಗಕ್ಕೇ ವಾಪಸ್ ಬಂದಿದೆ. ಕೂದಲೆಳೆಯಷ್ಟೂ ಉಳಿದಿಲ್ಲ. ಇದೇ ಥರ ಭಾರ ಹೇರಿ ಪರೀಕ್ಷೆ ಮಾಡಿಸಿ ಅಂತ ನಮ್ ಕಚೇರಿ ಹನ್ನೊಂದು ವರ್ಷದಿಂದ ಬರೀತಾ ಇದೆ. ಮರಳಿನ ಮೂಟೆ ಸಿಕ್ಕಿರ್ಲಿಲ್ಲ."

"ಹಾಗಾದ್ರೆ ಇವ್ರ ಕೆಲ್ಸ?" ಎಂದಳು ಹೆಂಡತಿ.

"ಹನ್ನೊಂದು ವರ್ಷದ ಪರೀಕ್ಷೆ ಮುಗಿಸಿಕೊಟ್ಟೋರನ್ನ ಸಾಹೇಬ್ರು ತೆಗೆಯಲ್ಲ. ಹಗ್ಗ ಬಿಟ್ಟು ಹೋಗಿದ್ದಕ್ಕೆ ಒಂದು ಮೆಮೊ ಬರುತ್ತೆ, ಅದನ್ನ ತಪ್ಪಿಸೋಕಾಗಲ್ಲ. ಜನರನ್ನ ಓಡಿಸ್ದೆ ಇಳಿಸಿದ್ದನ್ನೂ ಬರೀತೀನಿ. ಇನ್ನು ಎಷ್ಟೋ ವರ್ಷ ಆ ಸೇತುವೆ ಮುಚ್ಚೋ ಮಾತಿಲ್ಲ. ಅದಕ್ಕೆ ಒಬ್ಬ ಗುಮಾಸ್ತ ಬೇಕಲ್ಲ."

ಗುಮಾಸ್ತ ತಕ್ಕಡಿಯ ಮೇಲೆಯೇ ಕುಸಿದು ಕೂತ. ಮುಳ್ಳು ಒಮ್ಮೆ ಮೇಲಕ್ಕೆ ಹಾರಿ ಎಪ್ಪತ್ತನಾಲ್ಕಕ್ಕೆ ಬಂದು ನಿಂತಿತು.

ಆ ವರದಿಯನ್ನು ಕಚೇರಿಯ ಕಡತದಲ್ಲಿ ನಾನು ಓದಿದ್ದೇನೆ. ಕೈಬರಹ ಇಂಜಿನಿಯರಮ್ಮನದು, ಅಕ್ಷರಗಳು ಚಿಕ್ಕವು, ಅಂಕಿಗಳು ಸ್ಪಷ್ಟ. ಇಪ್ಪತ್ತಮೂರು ಸಾಲುಗಳಿವೆ, ಪ್ರತಿ ಸಾಲಿಗೂ ವ್ಯಕ್ತಿ, ತೂಕ, ಷರಾ ಎಂಬ ಮೂರು ಅಂಕಣಗಳು. ಷರಾ ಅಂಕಣ ಉದ್ದಕ್ಕೂ ಖಾಲಿ, ಒಂದು ಕಡೆ ಮಾತ್ರ ಬಿಟ್ಟು. ಅಲ್ಲಿ ಹೀಗಿದೆ: ಗುಮಾಸ್ತರ ಅತ್ತೆ, ಎಂಬತ್ತೊಂದು ಕಿಲೋ, ಚಿಂತೆಯೂ ಸೇರಿ.